ವಿಳಾಸವಿಲ್ಲದ ವಿಚಾರಣೆ

ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೇಳುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುವುದು ಅವನ ಅಭ್ಯಾಸ. ಪ್ರಶ್ನೆ ಅವನೊಳಗೆ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯಬೇಕು, ಮುಳುಗಬೇಕು, ತುಂಬಬೇಕು; ಆಮೇಲೆ ಮೇಲೆ ಬರಬೇಕು. "ಊಟ ಆಯ್ತಾ?" ಎಂದು ಕೇಳಿದವರು ಉತ್ತರ ಬರುವಷ್ಟರಲ್ಲಿ ತಾವೇ ಉಂಡು ಕೈ ತೊಳೆದಿರುತ್ತಿದ್ದರು. ಅದಕ್ಕೇ ಅವನಿಗೆ ನಿಧಾನಪ್ಪ ಎಂಬ ಹೆಸರು ಬಿದ್ದಿತ್ತು. ಕೋಪ ಬಂದಾಗ ಹೆಂಡತಿಯೂ ಅದನ್ನೇ ಬಳಸುತ್ತಿದ್ದಳು.

ಇಂಥವನಿಗೆ ಸಿಕ್ಕಿದ್ದು ಏಣಿ ಅಂಗಡಿಯಲ್ಲಿ ಫೋನಿನ ಮುಂದೆ ಕೂತು ಗಿರಾಕಿಗಳ ವಿಚಾರಣೆಗೆ ತಡವಿಲ್ಲದೆ ಉತ್ತರ ಕೊಡುವ ಕೆಲಸ. ಮೀನನ್ನು ಮರ ಕಾಯಲು ಕೂರಿಸಿದ ಹಾಗೆ. ಅದೂ ಒಂಬತ್ತು ವರ್ಷದಿಂದ ತಾತ್ಕಾಲಿಕ. ಮಾವನ ಮನೆಗೆ ಹೋದರೆ ಮಾವ ಒಳಕ್ಕೆ ಕೂಗಿ ಹೇಳುತ್ತಿದ್ದರು: "ತಾತ್ಕಾಲಿಕ ಅಳಿಯಂದಿರು ಬಂದ್ರು, ಕುರ್ಚಿ ಹಾಕ್ರೇ. ಮಡಚೋದು ಸಾಕು." ಆಗೆಲ್ಲ ಹೆಂಡತಿ ಗೋಡೆ ನೋಡುತ್ತಿದ್ದಳು. ಮಾವನ ಮಾತಿಗಿಂತ ಅವಳು ಗೋಡೆ ನೋಡುವುದೇ ಅವನಿಗೆ ಹೆಚ್ಚು ನಾಟುತ್ತಿತ್ತು.

ಅಂಗಡಿಯ ಯಜಮಾನರ ಪ್ರಕಾರ ಏಣಿ ಬೇಕಾದವನು ಕಾಯುವುದಿಲ್ಲ, ಎದುರಂಗಡಿಗೆ ಹೋಗುತ್ತಾನೆ. ಎದುರಂಗಡಿಯವನೂ ಏಣಿಯನ್ನೇ ಮಾರುತ್ತಿದ್ದ. ಆದ್ದರಿಂದ ಯಜಮಾನರು ನಿಯಮಗಳನ್ನು ಬರೆಸಿ ಫೋನಿನ ಮೇಲ್ಗಡೆ ಗೋಡೆಗೆ ತೂಗುಹಾಕಿಸಿದ್ದರು. ಮೊದಲ ರಿಂಗಿಗೇ ಎತ್ತಬೇಕು. ಯಾರೇ ಇರಲಿ, ಹನ್ನೆರಡು ಪ್ರಶ್ನೆ ಕೇಳಿ ಬರೆದುಕೊಳ್ಳಬೇಕು. ಹತ್ತು ನಿಮಿಷದೊಳಗೆ ತಿರುಗಿ ಫೋನ್ ಮಾಡಿ, ನಮ್ಮ ಉತ್ತರದಿಂದ ತೃಪ್ತಿಯಾಯಿತೇ ಎಂದು ವಿಚಾರಿಸಬೇಕು; ಆಗುವವರೆಗೂ ವಿಚಾರಿಸುತ್ತಿರಬೇಕು. ಬರಹದಲ್ಲಿ ಬಂದ ವಿಚಾರಣೆಯನ್ನು ಕೂಡಲೇ ರಿಜಿಸ್ಟರಿಗೆ ಅಂಟಿಸಬೇಕು. ನೌಕರರ ಸ್ವಂತ ಫೋನುಗಳು ಬೆಳಿಗ್ಗೆ ಡ್ರಾಯರಿನೊಳಗೆ ಹೋಗಿ ಸಂಜೆ ಹೊರಗೆ ಬರಬೇಕು.

ಇದೆಲ್ಲ ನಡೆಯುತ್ತಿದೆಯೇ ಎಂದು ಯಜಮಾನರು ಆಗಾಗ ಸ್ವರ ಬದಲಿಸಿಕೊಂಡು ತಾವೇ ಫೋನ್ ಮಾಡಿ ಪರೀಕ್ಷಿಸುತ್ತಿದ್ದರು. ಒಮ್ಮೆ ಹೊಸದಾಗಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಸಣ್ಣ ದನಿಯಲ್ಲಿ ಮಾತಾಡಿದ್ದರು. ನಿಧಾನಪ್ಪ ಆ ದುಃಖಕ್ಕೆ ಒಂದು ನಿಮಿಷ ಸುಮ್ಮನಿದ್ದ; ಫೇಲಾದ. ಇನ್ನೊಮ್ಮೆ ಬಣ್ಣ ಬಳಿಯುವವನಾಗಿ, "ಏಣಿ ಗಟ್ಟಿ ಇದ್ಯಾ?" ಎಂದಿದ್ದರು. ಈ ಲೋಕದಲ್ಲಿ ಗಟ್ಟಿ ಅನ್ನುವುದು ಯಾವುದಿದೆ ಎಂದು ಅವನು ಯೋಚಿಸುತ್ತಿದ್ದಾಗಲೇ ಫೋನ್ ಕಟ್ಟಾಗಿತ್ತು.

"ಇನ್ನೊಂದೇ ಸಲ. ಪಾಸಾದ್ರೆ ಖಾಯಂ. ಇಲ್ದಿದ್ರೆ ಮನೆಗೆ," ಎಂದಿದ್ದರು ಯಜಮಾನರು.

ಆ ಇನ್ನೊಂದು ಸಲ ಇವತ್ತೇ ಎಂದು ಅಂಗಡಿಯಲ್ಲಿ ಎಲ್ಲರಿಗೂ ಅನ್ನಿಸಿತ್ತು. ಯಾಕೆಂದರೆ ಯಜಮಾನರು ಹಿಂದಿನ ದಿನ ಎಂದೂ ಇಲ್ಲದ ನಗು ನಗುತ್ತಾ, "ನಾಳೆ ನಾನು ಊರಲ್ಲಿರಲ್ಲ. ನಾಲ್ಕು ಗಂಟೆಗೆ ಬರ್ತೀನಿ," ಎಂದಿದ್ದರು. ಮಾವನ ಮನೆಗೂ ಸುದ್ದಿ ಹೋಗಿತ್ತು. ಸಂಜೆ ಅಲ್ಲೇ ಊಟ. "ಖಾಯಂ ಆಗಿ ಬರ್ಲಿ, ಕೈ ಇರೋ ಕುರ್ಚಿ ಹಾಕಿಸ್ತೀನಿ," ಎಂದು ಮಾವ ಮಗಳಿಗೆ ಮಾತು ಕೊಟ್ಟಿದ್ದರು.

"ಇವತ್ತು ಯೋಚ್ನೆ ಮಾಡ್ಬೇಡಿ," ಎಂದಳು ಹೆಂಡತಿ ಬೆಳಿಗ್ಗೆ, ಅವನ ಅಂಗಿಯ ಗುಂಡಿ ಹಾಕುತ್ತಾ. "ಒಂದು ದಿನ. ನನಗೋಸ್ಕರ."

ಅವನು ಯೋಚನೆ ಮಾಡದೆ ಹೂಂ ಎಂದ. ಅವಳಿಗೆ ಕಣ್ಣಲ್ಲಿ ನೀರು ಬಂತು.

ಒಂಬತ್ತೂವರೆಗೆ ಫೋನ್ ಬಂತು. ಪೂರ್ತಿ ರಿಂಗೂ ಆಗಿರಲಿಲ್ಲ, ನಿಧಾನಪ್ಪ ಬೆಕ್ಕು ಇಲಿಯ ಮೇಲೆ ಹಾರಿದ ಹಾಗೆ ಹಾರಿದ. ಒರಟು ದನಿಯವನೊಬ್ಬ ಎರಡು ಬೀದಿಯಾಚೆ ಮನೆ ಕಟ್ಟಿಸುತ್ತಿದ್ದಾನಂತೆ; ಹದಿನೆಂಟು ಅಡಿಯ ಏಣಿ ಕಾಲು ಗಂಟೆಯೊಳಗೆ ಬೇಕಂತೆ. ನಿಧಾನಪ್ಪ ಹನ್ನೆರಡು ಪ್ರಶ್ನೆಗಳನ್ನು ಮಗ್ಗಿ ಒಪ್ಪಿಸುವ ಹಾಗೆ ಕೇಳಿ ಮುಗಿಸಿ, "ಹೊರಟಿತು ಅಂದ್ಕೊಳ್ಳಿ," ಎಂದುಬಿಟ್ಟ.

ಆದರೆ ಹೊರಡಲು ಏಣಿ ಇರಲಿಲ್ಲ. ಗೋದಾಮಿನಲ್ಲಿ ಇನ್ನೂರು ಏಣಿಗಳಿದ್ದವು. ಬೀಗದ ಕೈ ಯಜಮಾನರ ಜೇಬಿನಲ್ಲೇ ಉಳಿದುಹೋಗಿತ್ತು. ಅಂಗಡಿಯ ಮುಂಭಾಗದಲ್ಲಿದ್ದವು ಬರೀ ಮೊಣಕಾಲೆತ್ತರದ ನಮೂನೆಗಳು.

"ಹಿತ್ಲಲ್ಲಿ ಒಂದಿದೆಯಲ್ಲ," ಎಂದ ವ್ಯಾನ್ ಡ್ರೈವರ್.

ಇತ್ತು. ಅಂಗಡಿಯ ತಾರಸಿಗೆ ಮೆಟ್ಟಿಲಿರಲಿಲ್ಲ. ಏಣಿ ಮಾರುವವನು ಮೆಟ್ಟಿಲು ಕಟ್ಟಿಸಿದರೆ ಕಸುಬಿಗೇ ಅವಮಾನ ಎಂದು ಯಜಮಾನರು ಹದಿನೆಂಟು ಅಡಿಯ ಒಂದು ಏಣಿಯನ್ನು ಹಿತ್ತಲ ಗೋಡೆಗೆ ಒರಗಿಸಿಯೇ ಇಟ್ಟಿರುತ್ತಿದ್ದರು. ಬೇರೆ ದಿನವಾಗಿದ್ದರೆ ನಿಧಾನಪ್ಪ ಆ ಏಣಿಯ ಬುಡದಲ್ಲಿ ನಿಂತು, ಇದು ಇಲ್ಲಿ ಯಾಕಿದೆ, ಮೇಲೆ ಏನಿದೆ ಎಂದು ಐದು ನಿಮಿಷ ಯೋಚಿಸುತ್ತಿದ್ದ. ಇವತ್ತು ಯೋಚಿಸುವುದಿಲ್ಲ ಎಂದು ಮಾತು ಕೊಟ್ಟಿದ್ದ. ಇಬ್ಬರೂ ಏಣಿಯನ್ನು ಎತ್ತಿ ವ್ಯಾನಿಗೆ ಕಟ್ಟಿದರು. ಫೋನ್ ಬಂದು ಹನ್ನೊಂದು ನಿಮಿಷಕ್ಕೆ ವ್ಯಾನ್ ಬಾಗಿಲು ದಾಟಿತು.

"ಹನ್ನೊಂದು ನಿಮಿಷ!" ಎಂದು ಕೂಗಿದರು ಟೈಪಿಸ್ಟ್ ಅಕ್ಕ. ಅವರ ಮೇಜು ನಿಧಾನಪ್ಪನ ಮೇಜಿಗೆ ತಾಗಿಕೊಂಡಿತ್ತು. ಅವರ ಕಿವಿ ಅವನ ಫೋನಿಗೆ ತಾಗಿಕೊಂಡಿತ್ತು. "ನಿಧಾನಪ್ಪ, ನಿಂಗೆ ಜೀವ ಬಂದಿದೆ ಕಣೋ!"

ಜೀವ ಬಂದಿದ್ದು ನಿಜ. ಅದು ಒಂದು ಗಂಟೆ ಇತ್ತು.

ಹತ್ತೂವರೆಗೆ ಮತ್ತೆ ಫೋನ್. ಪಿಸುದನಿ.

"ನಾನು ಕಣಯ್ಯ, ಯಜಮಾನ. ಹಿತ್ಲ ಗೋಡೆಗೆ ಒಂದು ಏಣಿ ಹಾಕ್ಸು. ಗಲಾಟೆ ಮಾಡ್ಬೇಡ. ಎದುರಂಗಡಿಯವನಿಗೆ ಗೊತ್ತಾಗ್ಬಾರ್ದು."

ಟೈಪಿಸ್ಟ್ ಅಕ್ಕ ಆಗಲೇ ಅವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. "ಇದೇ ಪರೀಕ್ಷೆ! ಮೊದಲನೆ ಸಲ ಹೆಂಗಸು, ಎರಡನೆ ಸಲ ಪೇಂಟರ್, ಈ ಸಲ ತಮ್ಮ ವೇಷಾನೇ ತಾವು ಹಾಕ್ಕೊಂಡು ಬಂದಿದಾರೆ. ಅವರು ಊರಲ್ಲೇ ಇಲ್ವಲ್ಲೋ! ಪ್ರಶ್ನೆ ಕೇಳು, ಪ್ರಶ್ನೆ!"

"ವಿಚಾರಿಸಿದ್ದಕ್ಕೆ ಧನ್ಯವಾದ. ತಮಗೆ ಏಣಿ ಯಾವ ಉಪಯೋಗಕ್ಕೆ?"

"ಇಳಿಯೋಕೆ!"

"ಮನೆಯೊಳಗಿನ ಬಳಕೆಯೋ, ಹೊರಗಿನದೋ?"

"ಹೊರಗೆ! ತಲೆ ಸುಡ್ತಾ ಇದೆ!"

"ಹತ್ತುವವರ ತೂಕ?"

"ತೊಂಬತ್ತೆರಡು ಕಿಲೋ. ಏ, ನಿಂಗೆ..."

"ನಮ್ಮ ಅಂಗಡಿಯ ವಿಷಯ ತಮಗೆ ಹೇಗೆ ತಿಳೀತು?"

"ಅಂಗಡಿ ಕಟ್ಟಿಸಿದ್ದೇ ನಾನು ಕಣೋ!"

'ಹಳೆಯ ಗಿರಾಕಿ' ಎಂದು ನಿಧಾನಪ್ಪ ಬರೆದುಕೊಂಡ. ಹನ್ನೆರಡೂ ಮುಗಿಸಿದ. ಒಂದು ಸಲವೂ ತಡವರಿಸಲಿಲ್ಲ. ಗೋದಾಮಿನ ಬೀಗದ ಕೈ ನಾಲ್ಕು ಗಂಟೆಗೆ ಬರುತ್ತದೆಂದೂ, ಬಂದ ಕೂಡಲೇ ಏಣಿ ಕಳಿಸುವುದಾಗಿಯೂ ವಿನಯದಿಂದ ತಿಳಿಸಿದ.

"ಕೈ ನನ್ನ ಜೇಬಲ್ಲೇ ಇದೆ..." ಎನ್ನುವಷ್ಟರಲ್ಲಿ ನಿಧಾನಪ್ಪ ನಮಸ್ಕಾರ ಹೇಳಿ ಫೋನಿಟ್ಟ. ಹತ್ತು ನಿಮಿಷಕ್ಕೆ ಸರಿಯಾಗಿ ತಿರುಗಿ ಫೋನ್ ಮಾಡಿ, ನಮ್ಮ ಉತ್ತರದಿಂದ ತೃಪ್ತಿಯಾಯಿತೇ ಎಂದು ವಿಚಾರಿಸಿದ. ಸಿಕ್ಕಿದ ಉತ್ತರವನ್ನು ಬರೆದುಕೊಳ್ಳುವಂತಿರಲಿಲ್ಲ. 'ಸಾಧಾರಣ' ಎಂಬ ಕಡೆ ಗುರುತು ಹಾಕಿದ.

ಹನ್ನೊಂದಕ್ಕೆ ಯಜಮಾನರ ಹೆಂಡತಿಯ ಫೋನ್. "ನಮ್ಮನೆಯವರು ನಿಮ್ಮ ತಾರಸಿ ಮೇಲೆ ಸಿಕ್ಕಿಹಾಕ್ಕೊಂಡಿದಾರಂತಪ್ಪ. ಅಂಗಡಿ ತುಂಬಾ ಏಣಿ ಇಟ್ಕೊಂಡು ನನ್ನನ್ಯಾಕೆ ಗೋಳು ಹೊಯ್ಕೊತೀರಿ ಅಂದೆ. ಒಂದು ಏಣಿ ಕೊಟ್ಬಿಡು."

"ಹೆಂಡ್ತೀನೂ ಸೇರಿಸ್ಕೊಂಡಿದಾರೆ!" ಎಂದು ಅಕ್ಕ ಬೆರಗಾದರು. "ಎಂಥಾ ಏರ್ಪಾಡು!"

"ವಿಚಾರಿಸಿದ್ದಕ್ಕೆ ಧನ್ಯವಾದ, ತಾಯಿ. ತಮಗೆ ಏಣಿ ಯಾವ ಉಪಯೋಗಕ್ಕೆ?" ಎಂದ ನಿಧಾನಪ್ಪ.

ಆಕೆ ಎರಡನೆಯ ಪ್ರಶ್ನೆಗೇ ಫೋನಿಟ್ಟರು. ಆಮೇಲೆ ನಿಯಮದಂತೆ ಅವನು ಹಳೆಯ ಗಿರಾಕಿಗೆ ಇನ್ನೂ ಮೂರು ಸಲ ಫೋನ್ ಮಾಡಿದ. ಮತ್ತೊಂದು ಸಲಕ್ಕೆ ಆ ಕಡೆಯ ಫೋನ್ ಸತ್ತುಹೋಗಿದೆ ಎಂದು ತಿಳಿಯಿತು. ತಲೆಯ ಮೇಲೆ ಆಗಾಗ ಧಬ್ ಧಬ್ ಎಂದು ಯಾರೋ ತುಳಿದಂತಾಗುತ್ತಿತ್ತು. ಆದರೆ ಪಕ್ಕದಲ್ಲಿ ಮರ ಕೊಯ್ಯುವ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಇಡೀ ಬೀದಿಯನ್ನೇ ಅಲ್ಲಾಡಿಸುತ್ತಿದ್ದರಿಂದ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ನಿಧಾನಪ್ಪ ಕಿಟಕಿಯ ಆಚೆ ನೋಡಿದಾಗ ಹಿತ್ತಲಲ್ಲಿ ಒಂದು ಕಾಗದದ ಚೂರು ಬಿದ್ದಿತ್ತು. ಎತ್ತಿ ನೋಡಿದ. 'ಏಣಿ ಬೇಕು. ತುರ್ತು' ಎಂದು ಪೆನ್ನಿನಲ್ಲಿ ಗೀಚಿತ್ತು. ಯಾರು, ಎಲ್ಲಿಂದ ಎಂಬುದಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು. ಹೀಗೆ ಎರಡು ಗಂಟೆ ಹೊಡೆಯುವುದರೊಳಗೆ ಎಂಟು ಚೂರು. ಕೊನೆಯದರಲ್ಲಿ 'ನೀರಾದರೂ' ಎಂದಷ್ಟೇ ಇತ್ತು.

ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಅವನೊಳಗೆ ಏನೋ ಕೊಡದ ಹಾಗೆ ಇಳಿಯತೊಡಗಿತು. ಚೂರು ಮೇಲಿನಿಂದ ಬೀಳುತ್ತಿದೆ. ಮೇಲಿನಿಂದ ಅಂದರೆ... ಬೆಳಿಗ್ಗೆ ಏಣಿ ಇತ್ತು. ಏಣಿ ಇತ್ತು ಅಂದರೆ...

"ನಿಧಾನಪ್ಪ! ನಿಂತ್ಯಾ ಮತ್ತೆ?" ಎಂದರು ಅಕ್ಕ. "ಬರಹದಲ್ಲಿ ಬಂದ ವಿಚಾರಣೆ ಕಣೋ ಅದು! ಕೂಡಲೇ ಅಂಟಿಸ್ಬೇಕು. ಇದೂ ಪರೀಕ್ಷೇನೇ ಇರುತ್ತೆ!"

ಕೊಡದ ಹಗ್ಗ ಕೈಜಾರಿತು. ಅವನು ಓಡಿಹೋಗಿ 'ವಿಳಾಸವಿಲ್ಲದ ವಿಚಾರಣೆಗಳು' ಎಂಬ ಹಾಳೆ ತೆಗೆದು, ಎಂಟೂ ಚೂರುಗಳನ್ನು ಬಂದ ಹೊತ್ತಿನ ಕ್ರಮದಲ್ಲಿ ಅಂಟಿಸಿದ. ಏಣಿಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಅಂಟು ಅದು. ಏಣಿ ಸವೆದು ಹೋದರೂ ಚೀಟಿ ಏಳದು ಎಂದು ಯಜಮಾನರು ಗಿರಾಕಿಗಳ ಮುಂದೆ ಹೊಗಳಿಕೊಳ್ಳುತ್ತಿದ್ದ ಅಂಟು. ತಿರುಗಿಸಿಯೂ ನೋಡದೆ, ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದ.

ಮೂರು ಗಂಟೆಗೆ ಬೀದಿಯಲ್ಲಿ ಗದ್ದಲ. ಎಲ್ಲರೂ ಹೊರಗೆ ಬಂದು ತಲೆ ಎತ್ತಿದರು. ನಾಮಫಲಕದ ಮೇಲಿನಿಂದ ಯಜಮಾನರ ಮುಖ ಇಣುಕುತ್ತಿತ್ತು. ಮಾನ ಬಿಟ್ಟು, ಒಣಗಿ, ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಎದುರಂಗಡಿಯವನು ಒಂದು ಪ್ರಶ್ನೆಯನ್ನೂ ಕೇಳದೆ ತನ್ನ ಅಂಗಡಿಯ ಹೆಸರು ಬರೆದ ಕೆಂಪು ಏಣಿಯನ್ನು ತಂದು ಗೋಡೆಗೆ ಒರಗಿಸಿದ. ಇನ್ನೂರು ಏಣಿಗಳ ಒಡೆಯರು ಎದುರಂಗಡಿಯ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬರುವುದನ್ನು ಇಡೀ ಬೀದಿ ನಿಂತು ನೋಡಿತು. ಎದುರಂಗಡಿಯವನು ಫೋಟೊ ತೆಗೆದುಕೊಂಡ.

ಯಜಮಾನರು ಒಳಗೆ ಬಂದು ಕೂತು ನಾಲ್ಕು ಲೋಟ ನೀರು ಕುಡಿದರು. ಮಾತಾಡಲಿಲ್ಲ. ಮೌನದಲ್ಲಿ ಇಷ್ಟು ಬಗೆ ಇದೆ ಎಂದು ನಿಧಾನಪ್ಪನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಆಟೋದಲ್ಲಿ ಹದಿನೆಂಟು ಅಡಿಯ ಏಣಿಯನ್ನು ಅಡ್ಡಡ್ಡ ಹಿಡಿದುಕೊಂಡು ಒಬ್ಬ ಬಂದಿಳಿದ. "ಭಾವ, ಹದಿನಾಲ್ಕೇ ನಿಮಿಷ!" ಎಂದ. ಅದೇ ಒರಟು ದನಿ. "ನೂರಕ್ಕೆ ನೂರು ಕೊಟ್ಟಿದೀನಿ. ಫೋನ್ ಮಾಡಿದ್ರಾ? ನಿದ್ದೆ ಬಂದ್ಬಿಟ್ಟಿತ್ತು."

ಯಜಮಾನರ ಬಾಮೈದ. ಪರೀಕ್ಷೆ ಅದಾಗಿತ್ತು. ವ್ಯಾನ್ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೇಲಿನಿಂದ ಕದ್ದು ನೋಡಲು ಯಜಮಾನರು ಬೆಳಿಗ್ಗೆ ಯಾರಿಗೂ ಹೇಳದೆ ತಾರಸಿ ಹತ್ತಿದ್ದರು.

"ನೋಡ್ದೆ," ಎಂದರು ಯಜಮಾನರು ಕೊನೆಗೆ. "ಸಂತೋಷ ಆಯ್ತು. ಇಳಿದು ಬಂದು ಕೊಡೋಣ ಅಂತ ತಿರುಗ್ತೀನಿ, ಏಣಿ ಇಲ್ಲ."

"ಏನು ಕೊಡೋಣ ಅಂತ ಸಾರ್?" ಎಂದರು ಅಕ್ಕ.

"ಇವನ ಖಾಯಂ ಆದೇಶ. ಹೊರಗೆ ಟೈಪ್ ಮಾಡ್ಸಿ, ಸಹಿ ಹಾಕಿ ಜೇಬಲ್ಲಿಟ್ಕೊಂಡೇ ಹತ್ತಿದ್ದೆ. ಫೋನ್ ಸತ್ತ ಮೇಲೆ ಬರೆಯೋಕೆ ಬೇರೆ ಕಾಗದ ಇರ್ಲಿಲ್ಲ. ಎಂಟು ಚೂರು ಮಾಡಿ ಹಿಂದುಗಡೆ ಬರೆದು ಎಸೆದೆ." ಯಜಮಾನರು ನಿಧಾನಪ್ಪನ ಕಡೆ ತಿರುಗಿದರು. "ನಾನು ಒಂದು ಆದೇಶಕ್ಕೆ ಒಂದೇ ಸಲ ಸಹಿ ಹಾಕೋನು. ಅದು ನನ್ನ ನಿಯಮ. ಪಾಸಾಗಿದೀಯ, ಇಲ್ಲ ಅನ್ನಲ್ಲ. ಆ ಎಂಟು ಚೂರು ಕೂಡ್ಸಿ, ನನ್ನ ಸಹಿ ಕಾಣೋ ಹಾಗೆ ಮುಂದಿಡು. ಈ ಕ್ಷಣದಿಂದ ಖಾಯಂ. ಇಲ್ದಿದ್ರೆ ಹೆಂಗಿದ್ಯೋ ಹಂಗಿರು, ತಾತ್ಕಾಲಿಕ."

"ಇದೆ ಸಾರ್!" ನಿಧಾನಪ್ಪ ಕೂಗಿಯೇಬಿಟ್ಟ. ಜೀವಮಾನದಲ್ಲಿ ಅಷ್ಟು ಬೇಗ ಅವನು ಯಾರಿಗೂ ಉತ್ತರ ಕೊಟ್ಟಿರಲಿಲ್ಲ. "ಎಂಟೂ ಇದೆ! ಒಂದೂ ಕಳೆದಿಲ್ಲ! ರಿಜಿಸ್ಟರಲ್ಲಿ..."

ರಿಜಿಸ್ಟರು ತೆರೆದ. ಎಂಟು ಚೂರುಗಳು ಗೀಚಿದ ಮುಖ ಮೇಲೆ ಮಾಡಿಕೊಂಡು, ಸಾಲಾಗಿ, ಒಂದು ಸುಕ್ಕೂ ಇಲ್ಲದೆ ಮಲಗಿದ್ದವು. ಉಗುರಿನಿಂದ ಒಂದರ ಅಂಚನ್ನು ಎಬ್ಬಿಸಿದ. ಹರಿದು ಬಂದಿದ್ದು ಎರಡಕ್ಷರದ ಅಗಲದ ಸಿಪ್ಪೆ. ಅಕ್ಕ ನೀರು ಚಿಮುಕಿಸಿ ನೋಡಿದರು. ಶಾಯಿ ಕದಡಿ, ಬರಿಯ ನೀಲಿ ಉಳಿಯಿತು. ಡ್ರೈವರ್ ಬ್ಲೇಡು ತಂದ. ಸಹಿ ಇದ್ದ ಚೂರು ಯಾವುದೆಂದು ಅದು ಪುಡಿಯಾದ ಮೇಲೆ ಗೊತ್ತಾಯಿತು.

"ಒಳ್ಳೆ ಅಂಟು," ಎಂದರು ಯಜಮಾನರು, ಕೆಟ್ಟ ಮನಸ್ಸಿನಿಂದಲ್ಲ. ಎದ್ದು ಮನೆಗೆ ಹೋದರು.

ನಿಧಾನಪ್ಪ ಹಾಳೆಯನ್ನು ಎತ್ತಿ ಕಿಟಕಿಯ ಸಂಜೆ ಬೆಳಕಿಗೆ ಹಿಡಿದ. ಉಳಿದ ಒಂದು ಚೂರಿನ ಆಚೆಯಿಂದ ಟೈಪಾದ ಅಕ್ಷರಗಳು ಮಸುಕಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣಿಸಿದವು. 'ಖಾಯಂ' ಎಂದಿತ್ತು. 'ಏಣಿ ಬೇಕು' ಅದರ ಮೇಲೆ ಹಾದುಹೋಗಿತ್ತು.

ಫೋನ್ ಬಂತು. ಕೈ ತಾನಾಗಿ ಮೊದಲ ರಿಂಗಿಗೇ ಎತ್ತಿತು. "ವಿಚಾರಿಸಿದ್ದಕ್ಕೆ ಧನ್ಯವಾದ..."

"ನಾನು ಕಣ್ರೀ, ನಿಮ್ಮ ಮಾವ. ನಿಮ್ಮ ಹೆಂಡ್ತಿ ಇಲ್ಲೇ ಪಕ್ಕದಲ್ಲಿ ನಿಂತಿದಾಳೆ. ಏನಾಯ್ತು? ಖಾಯಂ ಆಯ್ತಾ?"

ಪ್ರಶ್ನೆ ಬಾವಿಗೆ ಇಳಿಯಿತು. ಮುಳುಗಿತು. ತುಂಬುತ್ತಲೇ ಹೋಯಿತು, ಮೇಲೆ ಬರಲಿಲ್ಲ. ಪಕ್ಕದ ಮರ ಕೊಯ್ಯುವ ಯಂತ್ರ ಆಗ ತಾನೇ ಆ ದಿನದ ಕೆಲಸ ಮುಗಿಸಿ ನಿಂತಿತ್ತು. ಅವನ ಮೌನ ಆ ಕಡೆಗೆ ಚೆನ್ನಾಗಿ ಕೇಳಿಸಿರಬೇಕು. ಮಾವ ಸ್ವಲ್ಪ ಹೊತ್ತು ಕಾದರು. ಆಮೇಲೆ ಅವರ ದನಿ ಫೋನಿನಿಂದ ದೂರ ತಿರುಗಿ, ಒಳಮನೆಯ ಕಡೆಗೆ ಹೋಯಿತು.

"ಮಡಚೋದೇ ಹಾಕ್ರೇ."