ಟೀಚರು ನನ್ನ ಹೆಂಡತಿ ಎಂಬುದಕ್ಕೆ ಸಾಕ್ಷಿಗಳು

ನಾವಿಬ್ಬರೂ ಗಂಡ ಹೆಂಡತಿ ಅನ್ನುವುದು ತಾಳಿ ಕಟ್ಟಿದ ದಿನವೇ ದೇವರಿಗೆ ಗೊತ್ತಾಯಿತು. ಸರ್ಕಾರಕ್ಕೆ ಗೊತ್ತಾಗಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ದೇವರ ಮುಂದೆ ಕೈಮುಗಿದು ನಿಂತರೆ ಸಾಕು. ಸರ್ಕಾರದ ಮುಂದೆ ಫೈಲು ಹಿಡಿದು ನಿಲ್ಲಬೇಕು. ಫೈಲು ಹಿಡಿದವನಿಗೆ ಮುಂದೆ ಹೇಳುವಂಥ ಪ್ರಸಂಗಗಳು ತಪ್ಪಿದ್ದಲ್ಲ.

ಟೀಚರು ಅಂದರೆ ನನ್ನ ಹೆಂಡತಿ. ಧಾರವಾಡದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಮದುವೆಯ ಗೊಡವೆಗೇ ಹೋಗದೆ, ಅರವತ್ತಕ್ಕೆ ನಿವೃತ್ತರಾದವರು. ನಾನು ಹುಬ್ಬಳ್ಳಿಯವನು. ಅಮೆರಿಕದ ಮಿಲ್ಪಿಟಾಸಿನ ಕಂಪನಿಯೊಂದರಲ್ಲಿ ಸರ್ಕ್ಯೂಟ್ ಬೋರ್ಡು ಪರೀಕ್ಷೆ ಮಾಡುತ್ತಲೇ ತಲೆ ಬೆಳ್ಳಗಾಯಿತು. ಮೊದಲ ಹೆಂಡತಿ ಶಿವನ ಪಾದ ಸೇರಿ ಏಳು ವರ್ಷವಾಗಿತ್ತು, ಮಕ್ಕಳಿಲ್ಲ. ಧಾರವಾಡದಲ್ಲಿರುವ ನನ್ನ ಅಕ್ಕನೂ ಟೀಚರೂ ಒಂದೇ ಭಜನಾ ಮಂಡಳಿಯವರು. "ಒಬ್ಬಾಂವನ ಕೂತು ಉಪ್ಪಿಟ್ಟು ತಿಂದದ್ದು ಸಾಕು, ಈ ಟೀಚರ್ ಬಾಯಾರ ಜೋಡಿ ಮಾತಾಡು" ಎಂದು ಅಕ್ಕ ಒಂದು ದಿನ ಫೋನನ್ನು ಟೀಚರ ಕೈಗೆ ಕೊಟ್ಟಳು. ಅಲ್ಲಿಂದ ಶುರು.

ಈ ವಯಸ್ಸಿನಲ್ಲಿ ಜೋಡಿ ಮಾಡಿದ ಮಹಾದೇವ ಅರ್ಧ ದಾರಿಯಲ್ಲಿ ಕೈಬಿಡುವವನಲ್ಲ ಎಂಬ ನಂಬಿಕೆ ನನಗೆ ಒಂದು ದಿನವೂ ಅಲುಗಲಿಲ್ಲ. ಟೀಚರಿಗೂ ನಂಬಿಕೆಯಿತ್ತು. "ಮಹಾದೇವ ಕೈಬಿಡೂದಿಲ್ಲ ಖರೆ. ಆದ್ರ ಅಂವನ ಸಹಿ ಅವರ ಫಾರ್ಮಿನಾಗ ನಡಿಯೂದಿಲ್ಲಲ್ರಿ" ಅನ್ನುತ್ತಿದ್ದರು, ಅಷ್ಟೆ.

ವಧು

ಮದುವೆಯಾಗಲಿರುವವರನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಫಿಯಾನ್ಸೆ ವೀಸಾ ಎಂದು ಒಂದಿದೆ. ಬಂದು ತೊಂಬತ್ತು ದಿನದೊಳಗೆ ಮದುವೆಯಾಗಬೇಕು. ಆಮೇಲೆ ಸಂಬಂಧ ನಿಜವಾದದ್ದು ಎಂದು ಇಮಿಗ್ರೇಶನ್ ಆಫೀಸಿಗೆ ಮನವರಿಕೆ ಮಾಡಿಕೊಟ್ಟರೆ ಗ್ರೀನ್ ಕಾರ್ಡು. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ವೀಸಾ ಸಂದರ್ಶನಕ್ಕೆ ಟೀಚರು ಮುಂಬಯಿಗೆ ಒಬ್ಬರೇ ಹೋದರು. ಸಾಲಿನಲ್ಲಿ ಹಿಂದೆ ಮುಂದೆ ಇದ್ದವರೆಲ್ಲ ಇಪ್ಪತ್ತೈದರ ಹುಡುಗಿಯರು. ನಡುವೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಎದೆಗೆ ಫೈಲು ಅವುಚಿಕೊಂಡು ನಮ್ಮ ಟೀಚರು. ಬಾಗಿಲ ಕಾವಲಿನವನು ಕಾಗದ ನೋಡಿದ, ಇವರನ್ನು ನೋಡಿದ, ಮತ್ತೆ ಕಾಗದ ನೋಡಿದ.

"ಅಮ್ಮಾ, ಜೊತೆಗೆ ಬಂದವರು ಹೊರಗೆ ಇರಬೇಕು. ವಧು ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದ.

ಟೀಚರು ತಮ್ಮ ಧಾರವಾಡದ ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದರು: "ವಧು ಇಲ್ಲೇ ಇದ್ದಾಳಪ್ಪ. ಮೊಣಕಾಲು ಭಾಳ ನೋವಂತ. ಒಂದು ಕುರ್ಚಿ ಕೊಟ್ಟರೆ ಕೂಡ್ತಾಳ."

ನೂರೆಂಟು ನಾಮ

ಆ ವೀಸಾ ಬರುವವರೆಗೆ ಎರಡು ವರ್ಷ ನಮ್ಮದು ಫೋನಿನ ಸಂಬಂಧ. ಮಿಲ್ಪಿಟಾಸಿನಲ್ಲಿ ಸಂಜೆ ಏಳೂವರೆಗೆ ನಾನು ದೀಪ ಹಚ್ಚುವ ಹೊತ್ತಿಗೆ ಧಾರವಾಡದಲ್ಲಿ ಬೆಳಗಿನ ಎಂಟು, ಟೀಚರ ಪೂಜೆಯ ಸಮಯ. ಈ ವಯಸ್ಸಿನಲ್ಲಿ ದಿನಾ ಮಾತಾಡುವುದಾದರೂ ಏನಿರುತ್ತದೆ? ಒಟ್ಟಿಗೆ ಶಿವನ ನೂರೆಂಟು ನಾಮ ಹೇಳುವುದೆಂದು ತೀರ್ಮಾನವಾಯಿತು. ಅವರು ಒಂದೊಂದು ನಾಮ ಹೇಳಬೇಕು, ನಾನು "ನಮಃ" ಅನ್ನಬೇಕು.

ಮೂರನೆಯ ದಿನವೇ ದೂರು ಬಂತು. "ಅಲ್ರಿ, ನಿಮ್ಮ ನಮಃ ತಡಾ ಆಗಿ ಬರ್ತದ. ನಾ ಮುಂದಿನ ನಾಮಕ್ಕ ಹೋಗಿರ್ತೀನಿ, ಅದರ ಮ್ಯಾಲೆ ಬಂದು ಬೀಳ್ತದ."

ನನ್ನ ತಪ್ಪೇನಿರಲಿಲ್ಲ. ಅವರ ದನಿ ಸಮುದ್ರ ದಾಟಿ ನನಗೆ ಮುಟ್ಟಿ, ನನ್ನ ದನಿ ಮತ್ತೆ ಸಮುದ್ರ ದಾಟಬೇಕಲ್ಲ. ಗಣಿತದವರು ಕೂಡಲೇ ಪರಿಹಾರ ಕೊಟ್ಟರು: "ನಾ ನಾಮ ಮುಗಿಸೂಕಿಂತ ಮೊದ್ಲ ನೀವು ನಮಃ ಅಂದುಬಿಡ್ರಿ. ಇಲ್ಲಿಗೆ ಬರೂದ್ರಾಗ ಸರಿ ಹೋಗ್ತದ."

ಹೌದು, ಸರಿ ಹೋಯಿತು. ಎರಡು ವರ್ಷ ಅದೇ ಅಭ್ಯಾಸ. ಆಮೇಲೆ ಟೀಚರು ಬಂದರು, ಕೌಂಟಿ ಆಫೀಸಿನ ಮದುವೆ ರಿಜಿಸ್ಟರಿನಲ್ಲಿ ಸಹಿ ಹಾಕಿದೆವು, ಗುಡಿಯಲ್ಲಿ ತಾಳಿ ಕಟ್ಟಿದೆ, ಒಂದೇ ದೇವರ ಮಣೆಯ ಮುಂದೆ ಕೂತೆವು. ಸಮುದ್ರ ಹೋಯಿತು, ಅಭ್ಯಾಸ ಹೋಗಲಿಲ್ಲ. ಅವರ ನಾಮ ಇನ್ನೂ ಬಾಯಲ್ಲಿರುವಾಗಲೇ ನನ್ನ ನಮಃ ಬಿದ್ದಿರುತ್ತದೆ. ಅವರೂ ಹಳೇ ಅಭ್ಯಾಸದಂತೆ ನಾಮ ಮುಗಿಸಿ, ಬಾರದ ನಮಃಕ್ಕಾಗಿ ಒಂದು ಕ್ಷಣ ಕಾಯುತ್ತಾರೆ.

ಮೊದಲ ಸೋಮವಾರ ಗುಡಿಯಲ್ಲಿ ಎಲ್ಲರೊಡನೆ ಕೂತು ನಾಮ ಹೇಳಿದಾಗ ಹಿಂದಿನಿಂದ ಯಾರೋ ಹಿರಿಯರು ನನ್ನ ಭುಜ ತಟ್ಟಿದರು. "ನಿಧಾನ ರೀ. ಪ್ರಸಾದ ಎಲ್ಲರಿಗೂ ಆಗುವಷ್ಟು ಇದೆ."

ನಡುವೆ ಇರುವವರು

ನಮ್ಮ ಲಾಯರು ಲಾಸ್ ಆಲ್ಟೋಸಿನ ಒಬ್ಬ ಹುಡುಗಿ. ಅಪ್ಪ ಅಮ್ಮ ಮೈಸೂರಿನವರು. ಇವಳು ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು ಬೆರೆತದ್ದು. ನಮ್ಮ ಮೇಲಿನ ಪ್ರೀತಿಗೆ ಆದಷ್ಟೂ ಕನ್ನಡದಲ್ಲೇ ಹೇಳಲು ನೋಡುತ್ತಾಳೆ.

ಸಂಬಂಧ ನಿಜವೆಂದು ತೋರಿಸಲು ಇಬ್ಬರೂ ಒಟ್ಟಿಗಿರುವ ಫೋಟೋ ಬೇಕೆಂದಳು. ಅರವತ್ತು ಫೋಟೋ ಕೊಟ್ಟೆವು. ಒಂದೊಂದಾಗಿ ನೋಡಿದಳು.

"ಅಂಕಲ್, ಪ್ರತಿ ಫೋಟೋದಲ್ಲೂ ನಿಮ್ಮಿಬ್ಬರ ಮಧ್ಯೆ ಇನ್ನೊಬ್ಬರು ಇದ್ದಾರೆ."

"ಅದು ದೇವರು, ತಾಯಿ."

"ಐ ನೋ ಅಂಕಲ್. ಬಟ್ ಆಫೀಸರಿಗೆ ನೀವಿಬ್ಬರು ದೇವರ ಸೆಕ್ಯುರಿಟಿ ಥರ ಕಾಣ್ತೀರ. ಬೀಚಿಗೆ ಹೋಗಿ. ಹತ್ತಿರ ನಿಂತ್ಕೊಳ್ಳಿ. ಪ್ಲೀಸ್, ನೋ ಟೆಂಪಲ್."

ಪಕ್ಕದ ಮನೆಯ ಸಾಹೇಬರೇ ನಮ್ಮನ್ನು ಕಾರಿನಲ್ಲಿ ಸಮುದ್ರದ ದಂಡೆಗೆ ಕರೆದೊಯ್ದರು. ಅವರೂ ಹಳೇ ಹುಬ್ಬಳ್ಳಿಯವರು. ಇಲ್ಲಿ ಟೈಲ್ಸಿನ ಅಂಗಡಿ ಇಟ್ಟಿದ್ದಾರೆ. "ಇನ್ನೂ ಹತ್ರ ನಿಲ್ರಿ ಅಣ್ಣಾರ, ನಡುವ ಒಂದು ಎಮ್ಮಿ ಹೋಗುವಷ್ಟು ಜಾಗಾ ಐತಿ" ಎಂದು ಫೋನು ಹಿಡಿದು ಹಿಂದೆ ಹಿಂದೆ ಸರಿದರು. ನಾವು ಹತ್ತಿರ ಸರಿದೆವು. ಗಾಳಿಗೆ ಟೀಚರ ಸೆರಗು ನನ್ನ ಹೆಗಲ ಮೇಲೆ ಬಂತು. ಅಷ್ಟು ಹೊತ್ತಿಗೆ ಸೂರ್ಯ ಮುಳುಗುತ್ತಿದ್ದ. ನನ್ನ ಕೈ ತಾನಾಗಿ ಮುಗಿಯಲು ಮೇಲೆದ್ದಿತು, ಟೀಚರದೂ. ಸಾಹೇಬರು ಸರಿಯಾಗಿ ಆ ಕ್ಷಣಕ್ಕೇ ಒತ್ತಿದರು.

ಲಾಯರ್ ಹುಡುಗಿ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. "ದೇವರಿಲ್ಲದ ಜಾಗಕ್ಕೆ ಕಳಿಸಿದ್ದೆ ಅಂಕಲ್," ಎಂದಳು. "ನೀವು ಅಲ್ಲೂ ಒಬ್ಬರನ್ನ ಹುಡುಕಿದ್ರಿ."

ಸಾಹೇಬರ ಪತ್ರ

ನಮ್ಮನ್ನು ಬಲ್ಲವರೊಬ್ಬರ ಪತ್ರವೂ ಬೇಕಿತ್ತು. ಸಾಹೇಬರನ್ನೇ ಕೇಳಿದೆ.

"ಬರಿತೀನಿ ಅಣ್ಣಾರ. ಆದ್ರ ಪ್ರಮಾಣ ಮಾಡಿ ಬರಿಯೂದು. ಕಂಡದ್ದಷ್ಟ ಬರಿತೀನಿ, ಕಾಣದ್ದು ಬರಿಯೂದಿಲ್ಲ."

"ಅದೇ ಬೇಕಾದ್ದು ಸಾಹೇಬರ," ಎಂದೆ. ನಮಾಜು ತಪ್ಪಿಸದ ಮನುಷ್ಯ, ಅವರ ಮಾತಿಗೆ ತೂಕವಿದೆ.

ಅವರು ಕಂಡದ್ದೇನೆಂದು ಪತ್ರ ಓದಿದಾಗಲೇ ತಿಳಿದದ್ದು. ಅದರ ಸಾರಾಂಶ ಹೀಗಿತ್ತು: "ನಮ್ಮ ಮನೆಗೂ ಇವರ ಮನೆಗೂ ನಡುವೆ ಒಂದೇ ಗೋಡೆ. ಪ್ರತಿ ಸೋಮವಾರ ಸಂಜೆ ಇವರು ಲೋಬಾನದ ಹೊಗೆ ಹಾಕುತ್ತಾರೆ. ಲೋಬಾನ ನಾನೇ ತಂದುಕೊಡುತ್ತೇನೆ. ಆಗ ಸ್ಮೋಕ್ ಅಲಾರ್ಮು ಹೊಡೆದುಕೊಳ್ಳುತ್ತದೆ. ಒಂಬತ್ತು ವರ್ಷ ಇವರು ಒಬ್ಬರೇ ಸ್ಟೂಲಿನ ಮೇಲೆ ನಿಂತು ಟವೆಲ್ಲು ಬೀಸುವುದನ್ನು ಕಿಟಕಿಯಿಂದ ಕಂಡಿದ್ದೇನೆ. ಈಗ ಇಬ್ಬರು ಬೀಸುತ್ತಾರೆ. ಇಬ್ಬರು ಬೀಸಿದರೂ ಅಲಾರ್ಮು ಬೇಗ ನಿಲ್ಲುವುದಿಲ್ಲ, ಏಕೆಂದರೆ ಒಬ್ಬರು ಹೊಗೆಯನ್ನು ಕಿಟಕಿಯ ಕಡೆಗೆ ತಳ್ಳಿದರೆ ಇನ್ನೊಬ್ಬರು ಬಾಗಿಲ ಕಡೆಗೆ ತಳ್ಳುತ್ತಾರೆ. ಆದ್ದರಿಂದ ಇವರು ಗಂಡ ಹೆಂಡತಿಯೇ ಎಂದು ಪ್ರಮಾಣ ಮಾಡಿ ಹೇಳುತ್ತೇನೆ."

ಜೂನ್ ಒಂದು

ಗ್ರೀನ್ ಕಾರ್ಡಿನ ಸಂದರ್ಶನದ ದಿನ ಬಂತು. ಬೆಳಿಗ್ಗೆ ಬೇಗ ಪೂಜೆ ಮುಗಿಸಿ, ಲಾಯರ್ ಹುಡುಗಿಯೊಡನೆ ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿಗೆ ಹೋದೆವು. ಆಫೀಸರು ಒಬ್ಬ ಮಧ್ಯವಯಸ್ಸಿನ ಹೆಂಗಸು. ಮುಖದಲ್ಲಿ ನಗುವಿಲ್ಲ, ಕೋಪವೂ ಇಲ್ಲ. ಬಲಗೈ ಎತ್ತಿಸಿ ನಿಜವನ್ನೇ ಹೇಳುವುದಾಗಿ ಪ್ರಮಾಣ ಮಾಡಿಸಿದರು. ನನಗೆ ಬಹಳ ಹಿಡಿಸಿತು.

"ನಿಮ್ಮ ಹೆಂಡತಿ ಹುಟ್ಟಿದ ದಿನ?"

"ಪಾಸ್‌ಪೋರ್ಟಿನಲ್ಲಿ ಜೂನ್ ಒಂದು," ಎಂದೆ. ಪ್ರಮಾಣ ಮಾಡಿದ್ದು ನೆನಪಾಗಿ ಸೇರಿಸಿದೆ, "ನಿಜವಾಗಿ ನಾಗರ ಪಂಚಮಿ."

ಮೇಜಿನ ಕೆಳಗೆ ಲಾಯರ್ ಹುಡುಗಿ ನನ್ನ ಕಾಲು ತುಳಿದಳು. ಆಫೀಸರು ನನ್ನ ಪಾಸ್‌ಪೋರ್ಟು ತೆರೆದರು. "ನಿಮ್ಮದೂ ಜೂನ್ ಒಂದು ಅಂತ ಇದೆ."

"ಹೌದು ಮೇಡಂ. ನಿಜವಾಗಿ ಶಿವರಾತ್ರಿಯ ಮರುದಿನ."

"ಇಬ್ಬರಿಗೂ ಒಂದೇ ತಾರೀಕು, ಇಬ್ಬರದೂ ನಿಜವಲ್ಲ?"

ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲ, ಹೆಡ್‌ಮಾಸ್ತರು ಎಲ್ಲರಿಗೂ ಜೂನ್ ಒಂದು ಬರೆದುಕೊಳ್ಳುತ್ತಿದ್ದರು, ನಮ್ಮ ಕ್ಲಾಸಿನ ನಲವತ್ತು ಮಂದಿಯೂ ಅದೇ ದಿನ ಹುಟ್ಟಿದವರು ಎಂದು ವಿವರಿಸಿದೆ. ಆಫೀಸರು ಟೀಚರ ಕಡೆ ತಿರುಗಿ "ಇದು ನಿಜವೇ?" ಎಂದರು.

"ನಿಜ ಮೇಡಂ," ಎಂದರು ಟೀಚರು ತಮ್ಮ ಶಾಲೆಯ ಇಂಗ್ಲಿಷಿನಲ್ಲಿ, ಹೆಮ್ಮೆಯಿಂದ. "ನಾನೂ ಎಷ್ಟೋ ಮಕ್ಕಳಿಗೆ ಬರೆದಿದ್ದೇನೆ."

ಲಾಯರ್ ಹುಡುಗಿ ಕಣ್ಣು ಮುಚ್ಚಿಕೊಂಡಳು. ಇಲ್ಲಿ ಹುಟ್ಟಿದ ಮಕ್ಕಳಿಗೂ ಕಷ್ಟಕಾಲದಲ್ಲಿ ದೇವರ ನೆನಪಾಗುತ್ತದಲ್ಲ ಎಂದು ನನಗೆ ಸಂತೋಷವಾಯಿತು.

ಕೊನೆಯ ಸಾಕ್ಷಿ

ಎರಡು ತಿಂಗಳಿಗೆ ಮತ್ತೆ ಕರೆ ಬಂತು. "ಈ ಸಲ ಬೇರೆ ಬೇರೆ ಕೂರಿಸಿ ಕೇಳ್ತಾರೆ ಅಂಕಲ್. ಡೌಟ್ ಇದ್ದರೆ ಹಾಗೆ ಮಾಡ್ತಾರೆ. ಇದು ಸರಿಹೋಗದಿದ್ದರೆ ಆಂಟಿ ವಾಪಸ್ ಹೋಗಬೇಕಾಗಬಹುದು," ಎಂದಳು ಲಾಯರ್ ಹುಡುಗಿ.

ವಾಪಸ್ ಅಂದರೆ ಎಲ್ಲಿಗೆ? ಧಾರವಾಡದ ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆಪಡಗ ಹಂಚಿ ಬಂದವರು ಅವರು. ಆ ಸಂಜೆ ಟೀಚರು ತಮ್ಮ ಸೀರೆಗಳನ್ನು ಕಪಾಟಿನಿಂದ ತೆಗೆದು, ಮಡಿಸಿ, ಮತ್ತೆ ಕಪಾಟಿನಲ್ಲೇ ಇಟ್ಟರು. ನಾನು ನೋಡಿಯೂ ನೋಡದಂತೆ ಬತ್ತಿ ಹೊಸೆಯುತ್ತಾ ಕೂತೆ. "ಮಹಾದೇವ ಇದ್ದಾನೆ" ಎಂದೆ. "ಇದ್ದಾನ" ಎಂದರು.

ಅದೇ ಆಫೀಸರು. ಮೊದಲು ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡು ನಮ್ಮ ಫೋನಿನ ಪಟ್ಟಿ ಮುಂದಿಟ್ಟರು. ಎರಡು ವರ್ಷ ದಿನಾ ಒಂದೇ ಹೊತ್ತು, ಹೆಚ್ಚು ಕಡಿಮೆ ಹನ್ನೊಂದೇ ನಿಮಿಷ.

"ಏನು ಮಾತಾಡುತ್ತಿದ್ದಿರಿ?"

"ಏನೂ ಮಾತಾಡುತ್ತಿರಲಿಲ್ಲ," ಎಂದೆ. ಪ್ರಮಾಣ ಮಾಡಿದ್ದೆನಲ್ಲ.

ನನ್ನನ್ನು ಹೊರಗೆ ಕಳಿಸಿ ಟೀಚರನ್ನು ಕರೆದರು. ಸ್ವಲ್ಪ ಹೊತ್ತಿಗೆ ನನ್ನನ್ನೂ ಲಾಯರ್ ಹುಡುಗಿಯನ್ನೂ ಒಳಗೆ ಕರೆದರು.

"ನಿಮ್ಮ ಹೆಂಡತಿಯೂ 'ಏನೂ ಇಲ್ಲ' ಅಂದರು. ನಾಮ ಜಪ ಮಾಡುತ್ತಿದ್ದೆವು ಅನ್ನುತ್ತಾರೆ. ತೋರಿಸುತ್ತೀರಾ?"

ನಾನು ಬೂಟು ಬಿಚ್ಚಿ ಗೋಡೆಯ ಬದಿಗೆ ಇಟ್ಟೆ. ಟೀಚರು ಸೆರಗು ಹೊದ್ದರು. ಅವರು ಮೊದಲ ನಾಮ ತೆಗೆದರು. ಅದು ಅರ್ಧದಲ್ಲಿರುವಾಗಲೇ ನನ್ನ ನಮಃ ಬಿತ್ತು. ಅವರು ಮುಗಿಸಿ, ಒಂದು ಕ್ಷಣ ಕಾದು, ಎರಡನೆಯದಕ್ಕೆ ಹೋದರು. ಮತ್ತೆ ಹಾಗೇ. ಆರನೆಯ ನಾಮಕ್ಕೆ ಆಫೀಸರು ಕೈ ಎತ್ತಿದರು.

"ಅವರು ಮುಗಿಸುವ ಮೊದಲೇ ನೀವು ಯಾಕೆ ಹೇಳುತ್ತೀರಿ?"

ನನಗೆ ನಾಚಿಕೆಯಾಯಿತು. ಟೀಚರು ಮೇಜಿನ ಮೇಲಿನ ಕಾಗದ ಎಳೆದುಕೊಂಡು, ಈ ಕಡೆ ಧಾರವಾಡ, ಆ ಕಡೆ ಮಿಲ್ಪಿಟಾಸ್ ಬರೆದು, ಹೋಗುವ ಗೆರೆ ಬರುವ ಗೆರೆ ಎಳೆದು, ಐದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದರು.

"ಸರಿ. ಆದರೆ ಈಗ ನೀವು ಪಕ್ಕದಲ್ಲೇ ಇದ್ದೀರಲ್ಲ?"

ಟೀಚರು ಪೆನ್ನು ಕೆಳಗಿಟ್ಟರು. "ನಾನು ಬಂದಿದ್ದೇನೆ ಅಂತ ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ ಮೇಡಂ. ನೀವು ಆ ಕಾರ್ಡು ಕೊಟ್ಟರೆ ಬರುತ್ತದೆ."

ಅರವತ್ಮೂರು ವರ್ಷದ ದೈವಭಕ್ತಿಯಲ್ಲಿ ನನ್ನ ಒಳಗನ್ನು ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಆಫೀಸರು ಕನ್ನಡಕ ತೆಗೆದು ಒರೆಸಿದರು.

"ನನ್ನ ಗಂಡನೂ ನಾನು ಮುಗಿಸುವ ಮೊದಲೇ 'ಯೆಸ್ ಯೆಸ್' ಅನ್ನುತ್ತಾನೆ. ನಮ್ಮಿಬ್ಬರ ನಡುವೆ ಯಾವ ಸಮುದ್ರವೂ ಇರಲಿಲ್ಲ," ಎಂದು ಕಂಪ್ಯೂಟರಿನ ಕಡೆ ತಿರುಗಿದರು. "ಕಾರ್ಡು ಅಂಚೆಯಲ್ಲಿ ಬರುತ್ತೆ. ಈ ಮೆಷಿನ್ನು ನಿಧಾನ, ಸ್ವಲ್ಪ ಕೂತಿರಿ."

ಲಾಯರ್ ಹುಡುಗಿ ನಿಟ್ಟುಸಿರು ಬಿಟ್ಟಳು. ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ಟೀಚರು ಮಾತ್ರ ಕದಲಲಿಲ್ಲ. "ನಾಮಾವಳಿ ನಡುವ ಬಿಡಬಾರದ್ರಿ. ನೂರಾ ಎರಡು ಉಳದಾವ" ಎಂದು ಮೆಲ್ಲಗೆ ಏಳನೆಯದನ್ನು ಎತ್ತಿಕೊಂಡರು. ಆಫೀಸರು ಒಮ್ಮೆ ನೋಡಿ, ಬೇಡ ಅನ್ನದೆ ಟೈಪು ಮಾಡುತ್ತಾ ಹೋದರು. ಟೀಚರು ನಾಮ, ನಾನು ಮುಂಚೆ ನಮಃ, ಆಮೇಲೆ ಆ ಖಾಲಿ ಕ್ಷಣ.

ನಲವತ್ತನೆಯ ನಾಮದ ಆಸುಪಾಸಿನಲ್ಲಿ ಆ ಖಾಲಿ ಕ್ಷಣ ಖಾಲಿ ಉಳಿಯಲಿಲ್ಲ. ಕಂಪ್ಯೂಟರಿನ ಮೇಲೆ ಕಣ್ಣಿಟ್ಟುಕೊಂಡೇ, ತಮಗೇ ಗೊತ್ತಿಲ್ಲದ ಹಾಗೆ, ಆಫೀಸರು ಸಣ್ಣ ದನಿಯಲ್ಲಿ "ನಮಃ" ಅಂದಿದ್ದರು. ಮುಂದಿನದಕ್ಕೂ ಅಂದರು. ಅದರ ಮುಂದಿನದಕ್ಕೂ.

ಟೀಚರು ಜಪ ನಿಲ್ಲಿಸಿ ನನ್ನ ಕಡೆ ತಿರುಗಿದರು. ಮೂವತ್ತು ವರ್ಷ ಕ್ಲಾಸು ನಡೆಸಿದ ದನಿ ಅದು.

"ನೋಡಿ ಕಲೀರಿ. ಇವತ್ತ ಸೇರಿದಾರ, ಎಷ್ಟು ಸರಿಯಾಗಿ ಹೇಳ್ತಾರ."