ಐವತ್ತು ತುಂಬಿದವರ ಕೀಲಿಕೈ ಮತ್ತು ಕಿವಿ ಪರೀಕ್ಷೆ

ಸಂಶೋಧನಾಲಯದ ಆಡಳಿತ ಶಾಖೆ, ಪೀಣ್ಯ
ಸಂಖ್ಯೆ: ಸಂಶೋ/ವಯಸ್ಸು/ಕಿವಿ/07/2013-14
ದಿನಾಂಕ: 12-06-2013

ಸುತ್ತೋಲೆ

ವಿಷಯ: ಐವತ್ತು ವರ್ಷ ತುಂಬಿದ ವಿಜ್ಞಾನಿಗಳಿಂದ ಪ್ರಯೋಗಾಲಯದ ಕೀಲಿಕೈ ಹಿಂಪಡೆಯುವ ಬಗ್ಗೆ.

ಉಲ್ಲೇಖ: (1) ಉತ್ಪಾದಕತೆ ಸಮಿತಿಯ ರೇಖಾನಕ್ಷೆ.
(2) ಶ್ರೀಮತಿ ದೇವಕ್ಕನವರ ಮೌಖಿಕ ಹೇಳಿಕೆ.

1. ಐವತ್ತು ತುಂಬಿದ ದಿನವೇ ವಿಜ್ಞಾನಿಯ ಹೊಸ ಆಲೋಚನೆಗಳು ಕುಸಿಯುವುದಾಗಿ ಉಲ್ಲೇಖ (1)ರಲ್ಲಿ ಕಂಡುಬಂದಿರುವುದರಿಂದ, ಅಂಥವರು ಅದೇ ಸಂಜೆ ಐದೂವರೆಯೊಳಗೆ ಕೀಲಿಕೈ ಒಪ್ಪಿಸಿ, ಬಳಿಕ ಸಲಹೆ ಮಾತ್ರ ನೀಡತಕ್ಕದ್ದು. ಐದೂವರೆಯವರೆಗೆ ಹೊಳೆದದ್ದನ್ನು ಬರೆದಿಟ್ಟುಕೊಳ್ಳಲು ಅಡ್ಡಿಯಿಲ್ಲ.

2. ಮೂವತ್ತೊಂದು ಮಂದಿ ವಿಜ್ಞಾನಿಗಳ ಪೈಕಿ ಹತ್ತೊಂಬತ್ತು ಮಂದಿ ಜೂನ್ ಒಂದರಂದೇ ಹುಟ್ಟಿರುತ್ತಾರೆ. ಇದು ಅವರವರ ಊರ ಶಾಲೆಯ ಮೇಷ್ಟ್ರುಗಳ ಕೃಪೆಯಾಗಿದ್ದು, ಅಂದು ಆಲೋಚನೆಗಳು ಸಾಮೂಹಿಕವಾಗಿ ಕುಸಿದಲ್ಲಿ ಉಳಿದವರು ಗಾಬರಿಯಾಗಬಾರದೆಂದು ಈ ಮೂಲಕ ಸೂಚಿಸಲಾಗಿದೆ.

3. ಉಲ್ಲೇಖ (1)ರಂತೆ ಈ ಜೂನ್ ಒಂದರಂದೇ, ದಾಖಲೆಯಲ್ಲಿ ಐವತ್ತು ತುಂಬಿದ ಡಾ. ಮಲಕಪ್ಪನವರ ಕೀಲಿಕೈ ಹಿಂಪಡೆಯಲಾಗಿತ್ತು. ಅವರ ಎರಡು ವರ್ಷಗಳ ಬೇರಿಂಗ್ ಸವೆತದ ಪರೀಕ್ಷೆ ಮುಗಿಯಲು ಮೂರೇ ವಾರ ಬಾಕಿಯಿದ್ದು, ಯಂತ್ರವು ಒಳಗೆ ತಿರುಗುತ್ತಿದ್ದಾಗ ಅವರು ಹೊರಗೆ ಕಿಟಕಿಗೆ ಕಿವಿಯಿಟ್ಟು ಅದರ ಸದ್ದನ್ನು ಬರೆದುಕೊಳ್ಳುತ್ತಿದ್ದುದು ಗಮನಕ್ಕೆ ಬಂದಿದೆ. ಕಿಟಕಿಗೆ ವಯೋಮಿತಿ ಇಲ್ಲದ ಕಾರಣ ಕ್ರಮ ಜರುಗಿಸಲಾಗಿಲ್ಲ.

4. ಸದರಿಯವರ ತಾಯಿ ದೇವಕ್ಕನವರು ಟಿ. ದಾಸರಹಳ್ಳಿಯಿಂದ ಖುದ್ದಾಗಿ ಬಂದು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಇವಗ ನಾಕ ವರ್ಷ ಇದ್ದಾಗ ಸಾಲಿಗೆ ಹಾಕೀನ್ರಿ. ತಲಿ ಮ್ಯಾಲಿಂದ ಕೈ ಹಾಕಿ ಆ ಕಡಿ ಕಿವಿ ಮುಟ್ಟಿದ್ರ ಆರ ವರ್ಷ ಅಂತ ಬರ್ಕೋತಿದ್ರು ಮಾಸ್ತರು. ನನ್ನ ಮಗಂದು ಕೈ ಉದ್ದ, ಮುಟ್ಟಿಬಿಟ್ಟ. ಕೈ ಉದ್ದ ಇದ್ರ ತಲಿಗೆ ವಯಸ್ಸಾಗ್ತದೇನ್ರಿ?” ಕೊನೆಯ ಪ್ರಶ್ನೆಗೆ ಉತ್ತರಿಸಲು ಸಮಿತಿಯು ಕಾಲಾವಕಾಶ ಕೋರಿದೆ.

5. ವಯಸ್ಸಿನ ದಾಖಲೆಗೆ ಕಿವಿಯೇ ಮೂಲವೆಂದು ಮನಗಂಡು, ದಿನಾಂಕ 10ರಂದು ವರಾಂಡದಲ್ಲಿ ಎಲ್ಲರಿಗೂ ಮರುಪರೀಕ್ಷೆ ನಡೆಸಲಾಯಿತು. ಕಿವಿ ಮುಟ್ಟಿದವರನ್ನು ಆರು ವರ್ಷ ತುಂಬಿದವರೆಂದೂ, ಭುಜದ ನೋವಿನಿಂದ ಮುಟ್ಟಲಾಗದವರನ್ನು ತುಂಬದವರೆಂದೂ ಪರಿಗಣಿಸಲಾಗಿದೆ. ಐವತ್ತು ತುಂಬಿದವರು ಯಾರೆಂಬುದು ಈ ವಿಧಾನದಿಂದ ತಿಳಿದುಬಂದಿರುವುದಿಲ್ಲ.

6. ಡಾ. ಮಲಕಪ್ಪನವರ ಕೈ ಕಿವಿ ದಾಟಿ ಕೆನ್ನೆಯವರೆಗೂ ಬಂದಿದ್ದು, ಅದೇ ಕೈಗೆ ಕೀಲಿಕೈಯನ್ನು ಹಿಂತಿರುಗಿಸಲಾಗಿದೆ. ಇದರಿಂದ ಕಚೇರಿಗೆ ಸಂತೋಷವಾಗಿರುತ್ತದೆ.

ಸಹಿ/-
(ಶ್ಯಾಮಣ್ಣ)
ಆಡಳಿತಾಧಿಕಾರಿ
ನಿರ್ದೇಶಕರ ಪರವಾಗಿ
(ಕೈ ಕಿವಿಗೆ ಎಟುಕದ ಕಾರಣ ನಿರ್ದೇಶಕರಿಗೆ ಸದ್ಯ ಆರು ವರ್ಷ ತುಂಬಿರುವುದಿಲ್ಲ)

ಪ್ರತಿಗಳು:
1. ಉತ್ಪಾದಕತೆ ಸಮಿತಿಗೆ: ನಕ್ಷೆಯಲ್ಲಿ ನಿರ್ದೇಶಕರ ಚುಕ್ಕೆಯನ್ನು ಐದು ವರ್ಷದ ಬಳಿ ಇಡಲು.
2. ಕ್ಯಾಂಟೀನಿನ ಭಾಗ್ಯಶ್ರೀ ಅವರಿಗೆ: ನಿರ್ದೇಶಕರಿಗೆ ಕಾಫಿ ನಿಲ್ಲಿಸಿ ಹಾಲು ಕೊಡಲು.
3. ಶ್ರೀಮತಿ ದೇವಕ್ಕನವರಿಗೆ: ಡಾ. ಮಲಕಪ್ಪನವರೇ ಓದಿ ಹೇಳತಕ್ಕದ್ದು. ಬೇರಿಂಗ್ ಪರೀಕ್ಷೆ ಮುಗಿಯುವವರೆಗೆ ಮಗನ ಊಟಕ್ಕೆ ಕಾಯಬಾರದೆಂದು ಕೋರಲಾಗಿದೆ.