ಭತ್ತದ ಬೇರಿಗೆ ಗಂಟು ಕಟ್ಟಿಸಲು ಹೋಗಿ

ಈ ಸಾಹಸಕ್ಕೆ ನಾನು ತೆತ್ತದ್ದು ಎರಡು ಪ್ಲಾಸ್ಟಿಕ್ ಟಬ್ಬು, ಒಂದು ಚೀಲ ಮಣ್ಣು ಮತ್ತು ಮಗಳ ಕೈಗೆ ಬಂದಿದ್ದ ಬ್ಯಾಂಕ್ ನೌಕರಿ. ಕಾರಣವಿಷ್ಟೆ: ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ದೆಹಲಿಯಲ್ಲಿ ಇನ್ನೂ ಹುಟ್ಟಿಲ್ಲವೆಂದು ನಂಬಿದ್ದೆ. ಮಾನೇಸರಿನ ಕಾರ್ಖಾನೆಗಳಿಗೆ ನಟ್ಟು ಬೋಲ್ಟು ಒದಗಿಸಿಯೇ ಇಲ್ಲಿನ ಪೀತಮ್‌ಪುರಾದಲ್ಲಿ ಮನೆ ಮಾಡಿದವನು ನಾನು. ಹೇಳಿದಷ್ಟೇ ಬೆಲೆ ಕೊಟ್ಟು ಕೊಂಡದ್ದು ಮೆಟ್ರೋ ಟೋಕನ್ ಒಂದೇ; ಅಲ್ಲೂ ಒಮ್ಮೆ ಕೇಳಿ ನೋಡಿದ್ದೆ.

ಎಂ.ಎಸ್ಸಿ. ಮುಗಿಸಿದ ಮಗಳು ಸ್ಮಿತಾ ಬ್ಯಾಂಕ್ ಬೇಡ, ಐದು ವರ್ಷ ಸಂಶೋಧನೆ ಮಾಡುತ್ತೇನೆ ಎಂದು ಹಟ ಹಿಡಿದಳು. ಯಾವುದರ ಮೇಲೆ ಎಂದೆ.

"ಅಲಸಂದೆ ಬೇರಲ್ಲಿ ಗಂಟು ಇರುತ್ತಲ್ಲ ಪಪ್ಪಾ, ಅದರೊಳಗೆ ಬ್ಯಾಕ್ಟೀರಿಯಾ ಕೂತು ಗಾಳಿಯಿಂದ ಗೊಬ್ಬರ ಮಾಡ್ಕೊಡುತ್ತೆ. ಆ ಗಂಟಿಗೆ ಬೇಕಾದ ಎಷ್ಟೋ ಜೀನ್ ಭತ್ತದಲ್ಲೂ ಇವೆ. ಬಾಕಿ ಹುಲ್ಲಿನ ಜಾತಿಯಲ್ಲೂ."

"ಮಾಲು ಗೋದಾಮಿನಲ್ಲೇ ಇದ್ದರೆ ಐದು ವರ್ಷ ಯಾಕಮ್ಮಾ? ನಾನೇ ಟೆರೇಸ್ ಮೇಲೆ ಗಂಟು ಬರಿಸ್ತೀನಿ. ಬಂದರೆ ನೀನು ಬ್ಯಾಂಕಿಗೆ ಹೋಗ್ಬೇಕು."

"ಬರದಿದ್ದರೆ ನಾನು ಓದ್ತೀನಿ. ಅಚ್ಛಾ, ಡನ್," ಎಂದಳು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದೊಂದು ಟಬ್ಬಿನಲ್ಲೂ ಭತ್ತದ ಪಕ್ಕಕ್ಕೆ ಅಲಸಂದೆ ಹಾಕಿದೆ, ನೋಡಿಯಾದರೂ ಕಲಿಯಲಿ ಎಂದು. ಯೂರಿಯಾ ಮುಟ್ಟಿಸಲಿಲ್ಲ, ಹಸಿದರೆ ತಾನೇ ದುಡಿಯುತ್ತದೆ, ನಾನು ದುಡಿಯಲಿಲ್ಲವೆ? ಹಪ್ಪಳ ಒಣಗಿಸುವ ಜಾಗ ಕಳೆದುಕೊಂಡ ನನ್ನ ಹೆಂಡತಿ ಸರೋಜ, "ನಿಮ್ಮ ಗದ್ದೆಗೆ ಕಾಮಾಲೆ ಬಂದಿದೆ ನೋಡಿ," ಎಂದಳು. ನಿಜ, ಭತ್ತ ಹಳದಿಗೆ ತಿರುಗಿತ್ತು. ಕೊನೆಗೆ ಎಲ್ಲರೆದುರು ಕಿತ್ತು ನೋಡಿದೆವು. ಅಲಸಂದೆ ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟು. ಭತ್ತದ್ದು ಬೋಳು.

"ಜೀನ್ ಇದೆ ಅಂದೆಯಲ್ಲ?"

"ಇದೆ ಪಪ್ಪಾ. ಭತ್ತ ಅದನ್ನ ಬೇರೆ ಕೆಲಸಕ್ಕೆ ಇಟ್ಕೊಂಡಿದೆ, ಮಣ್ಣಿನ ಶಿಲೀಂಧ್ರಾನ ಬೇರೊಳಗೆ ಕರ್ಕೊಳ್ಳೋಕೆ. ಗಂಟಿಗೆ ಇನ್ನೇನು ಕಮ್ಮಿ ಇದೆ ಅಂತ ಹುಡುಕೋಕೇ ಟೈಮ್ ಬೇಕು."

ಬೋಲ್ಟ್ ಇದೆ, ನಟ್ ಸಿಕ್ಕಿಲ್ಲ, ಅರ್ಥವಾಯಿತು. ಸೋತರೂ ಸುಮ್ಮನೆ ಬಿಡುವವನಲ್ಲ. "ಮೂರು ವರ್ಷ," ಎಂದೆ. "ಐದು," ಎಂದಳು. ಎದ್ದು ಹೊರಟವನಂತೆ ನಟಿಸಿದೆ. ನಾಲ್ಕಕ್ಕೆ ಕುದುರಿತು. ಒಂದು ವರ್ಷ ಉಳಿಸಿದ ಖುಷಿಯಲ್ಲಿ ಸರೋಜಳ ಎದುರು ಬೀಗಿದೆ.

"ಅವಳಿಗೆ ಬೇಕಿದ್ದದ್ದೇ ನಾಲ್ಕು," ಎಂದಳು ಸರೋಜ, ಟಬ್ಬು ಸರಿಸಿ ಹಪ್ಪಳ ಹರಡುತ್ತ. "ನಿಮಗೆ ಇಳಿಸೋಕೆ ಅಂತ ಒಂದು ಸೇರಿಸಿ ಹೇಳಿದ್ದಳು."

ಆದ್ದರಿಂದ ಹೇಳುತ್ತೇನೆ, ಕೇಳಿ. ಕರೋಲ್ ಬಾಗ್‌ನಲ್ಲಿ ಚೌಕಾಸಿ ಮಾಡುವಾಗ ಮಕ್ಕಳನ್ನು ಅಂಗಡಿಯ ಹೊರಗೇ ನಿಲ್ಲಿಸಿ. ನಿಮ್ಮನ್ನು ನೋಡಿ ಕಲಿಯುತ್ತಿದ್ದಾರೆಂದು ನೀವು ಹಿಗ್ಗುತ್ತಿರುತ್ತೀರಿ. ಅವರು ನೋಡುತ್ತಿರುವುದು ಅಂಗಡಿಯವನನ್ನು.